ಮುಳ್ಳೋತಿಯ ಎಣ್ಣೆ

ನನ್ನ ಊಟದ ತಟ್ಟೆ ದನದ ಕೊಟ್ಟಿಗೆಯಲ್ಲಿರುತ್ತಿತ್ತು. ಗೋಡೆಯ ಗೂಡಿನೊಳಗೆ, ಹಗ್ಗ ಕುಡುಗೋಲುಗಳ ಪಕ್ಕದಲ್ಲಿ, ಅಂಚು ಸೊಟ್ಟಗಾಗಿದ್ದ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಬೋರಲು ಹಾಕಿದ ಲೋಟ. ಮನೆಯ ಮಿಕ್ಕವರ ಹಿತ್ತಾಳೆ ತಟ್ಟೆಗಳು ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಹೊಳೆಯುತ್ತಿದ್ದವು. ಚಿಕ್ಕಪ್ಪನ ಮಕ್ಕಳ ತಟ್ಟೆಗಳೂ ಅಲ್ಲೇ. ನಾನು ಆ ಮನೆಯ ಹಿರಿಯ ಮಗನ ಒಬ್ಬಳೇ ಮಗಳು, ಆದರೂ ಉಣ್ಣುತ್ತಿದ್ದದ್ದು ಕೊಟ್ಟಿಗೆಯ ಹೊಸ್ತಿಲ ಈಚೆ, ಕರುವಿನ ಉಸಿರು ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ. ಮಾತು ಬರುವ ಮೊದಲೇ ಒಂದು ಜ್ವರದಲ್ಲಿ ನನ್ನ ಎಡಗಾಲು ಸ್ವಾಧೀನ ತಪ್ಪಿ ಬಿದ್ದುಹೋಗಿತ್ತು. ಆ ಕಾಲಿಗೆ ಮನೆಯವರು ಒಂದು ಎಣ್ಣೆ ಹಚ್ಚುತ್ತಿದ್ದರು. ಎಣ್ಣೆ ಹಚ್ಚಿದವರು ಕೈ ತೊಳೆದುಕೊಂಡು ಮಡಿಯಾಗುತ್ತಿದ್ದರು. ಹಚ್ಚಿಸಿಕೊಂಡ ನಾನು ಮಾತ್ರ ಮೈಲಿಗೆಯಾಗಿ ಉಳಿಯುತ್ತಿದ್ದೆ.

ನಮ್ಮೂರು ತೆಲುಗು ಸೀಮೆಯ ಕುಂದುರ್ಪಿಯ ಕಡೆಯದು. ಕಲ್ಯಾಣದುರ್ಗದ ಬಸ್ಸು ಊರ ಹೊರಗೆ ನಿಲ್ಲುತ್ತಿತ್ತು, ಅಲ್ಲಿಂದ ನೋಡಿದರೆ ಮೊದಲು ಕಾಣುತ್ತಿದ್ದದ್ದು ನಮ್ಮ ಮನೆ, ಅದರ ಹಿಂದೆ ಗುಡ್ಡ. ಗುಡ್ಡ ಅಂದರೆ ಮರ ಗಿಡಗಳ ಗುಡ್ಡವಲ್ಲ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿತ್ತು, ಸಂದುಗಳಲ್ಲಿ ಕಾರೆಮುಳ್ಳು, ತಂಗಡಿ, ಬಂದರೆ ಗಿಡ. ಮನೆಯನ್ನೂ ಆ ಗುಡ್ಡದ ಕಲ್ಲಿನಲ್ಲೇ ಕಟ್ಟಿದ್ದರು. ಬೀದಿಯ ಕಡೆ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ಕಂಬಗಳ ನಡುಮನೆ, ನಡುಮನೆಯ ಮೂಲೆಯಲ್ಲಿ ದೇವರ ಕೋಣೆ. ಕೊಟ್ಟಿಗೆ ಪಡಸಾಲೆಯ ಪಕ್ಕಕ್ಕಿತ್ತು. ನಡುಮನೆಯ ಹೊಸ್ತಿಲು ಎತ್ತರದ್ದು. ಎರಡು ಕಾಲೂ ನೆಟ್ಟಗಿದ್ದವರು ಅದನ್ನು ದಾಟುವಾಗ ಗಮನಿಸುತ್ತಲೂ ಇರಲಿಲ್ಲ. ನನಗೆ ಅದು ಊರಿನ ಗಡಿಯಂತಿತ್ತು.

ಮನೆಯ ಯಜಮಾನಿಕೆ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಯಾರೂ ಒಂದು ಲೋಟ ಕಾಫಿಯನ್ನೂ ಕುಡಿಯುವಂತಿರಲಿಲ್ಲ. ಅಕ್ಕಿಯಲ್ಲಿ ಹುಳ ಬಿದ್ದರೆ ಮೊರದಲ್ಲಿ ಬಿಸಿಲಿಗಿಟ್ಟು, ಹುಳ ತಾನೇ ಹೊರಟು ಹೋಗುವವರೆಗೆ ಕಾಯಬೇಕು, ಹೊಸಕಬಾರದು. ಇಂಥ ಮನೆಗೆ ಆ ಎಣ್ಣೆಯನ್ನು ತಂದವಳೂ ಅಜ್ಜಿಯೇ. ಕಲ್ಯಾಣದುರ್ಗದ ಸಂತೆಯಲ್ಲಿ ಬಟ್ಟೆ ಹಾಸಿ ಸೀಸೆಗಳನ್ನು ಸಾಲಾಗಿಟ್ಟುಕೊಂಡಿದ್ದ ಒಬ್ಬ ಮದ್ದಿನವನು ನನ್ನ ಕಾಲು ಹಿಡಿದು ನೋಡಿ ತೆಲುಗಿನಲ್ಲಿ ಹೇಳಿದನಂತೆ:

“ಈ ನೂನೆ ರುದ್ದು ತಲ್ಲೀ. ಮೇಕಪಿಲ್ಲಲಾಗ ಎಗುರುತುಂದಿ.”

ಈ ಎಣ್ಣೆ ತಿಕ್ಕು ತಾಯಿ, ಮೇಕೆಮರಿಯ ಹಾಗೆ ಜಿಗಿಯುತ್ತಾಳೆ ಎಂದು. ಅವನು ಕೊಟ್ಟ ಸೀಸೆ ಖಾಲಿಯಾದ ಮೇಲೆ ಎಣ್ಣೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ಕ್ರಮವನ್ನೂ ಅಜ್ಜಿ ಅವನಿಂದ ಕೇಳಿ ತಿಳಿದುಕೊಂಡಿದ್ದಳು. ಅದಕ್ಕೆ ಬೇಕಾದದ್ದು ಹರಳೆಣ್ಣೆ, ಮತ್ತೆ ಗುಡ್ಡದ ಓತಿಕ್ಯಾತ.

ಬೇಲಿಯ ಮೇಲೆ ಕೂತು ತಲೆಯಾಡಿಸುವ ದೊಡ್ಡ ಓತಿಕ್ಯಾತ ಬೇರೆ. ಇದು ಗೇಣುದ್ದವೂ ಇಲ್ಲದ ಪ್ರಾಣಿ, ಬಂಡೆಗಳ ಸಂದಿನಲ್ಲೂ ಕಾರೆ ಪೊದೆಯ ಬುಡದಲ್ಲೂ ಬದುಕುವಂಥದ್ದು. ಕಲ್ಲಿನದೇ ಬಣ್ಣ. ಕತ್ತಿನ ಹಿಂದೆ, ಬೆನ್ನಿನ ಮೇಲೆ, ಬಾಲದ ಬುಡದವರೆಗೂ ಸಣ್ಣ ಸಣ್ಣ ಮುಳ್ಳು. ತೆಲುಗಿನವರು ಯಾವ ಓತಿಯನ್ನಾದರೂ ತೊಂಡ ಅನ್ನುತ್ತಿದ್ದರು, ನಮ್ಮ ಮನೆಯಲ್ಲಿ ಇದನ್ನು ಮುಳ್ಳೋತಿ ಅನ್ನುತ್ತಿದ್ದರು. ಹೋದ ಬೇಸಿಗೆಯಲ್ಲಿ ನನ್ನ ಸೋದರಮಾವನ ಮೊಮ್ಮಗಳು ಹಿಂದೂಪುರದ ನನ್ನ ಮನೆಗೆ ಬಂದಿದ್ದಳು. ಅವಳ ಗಂಡನಿಗೆ ಪೆನುಕೊಂಡದ ಹತ್ತಿರದ ಕಾರು ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಬಂದರೆ ಇಬ್ಬರೂ ಗುಡ್ಡಗಳಲ್ಲಿ ಫೋಟೋ ತೆಗೆಯುತ್ತಾ ಅಲೆಯುತ್ತಾರೆ. ಮೊಬೈಲ್ ನನ್ನ ಮುಖಕ್ಕೆ ಹಿಡಿದು “ಎಷ್ಟು ಮುದ್ದಾಗೈತೆ ನೋಡಜ್ಜಿ, ಕನ್ನಡದಾಗೆ ಇದಕ್ಕೇನಂತಾರೆ?” ಎಂದು ಕೇಳಿದಳು. ಬಂಡೆಯ ತುದಿಯಲ್ಲಿ ಮುಳ್ಳೋತಿ ಕತ್ತೆತ್ತಿ ಕೂತಿತ್ತು, ಒಂದೊಂದು ಮುಳ್ಳೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಗೊತ್ತಿಲ್ಲ ಕಣಮ್ಮ ಅಂದೆ. ಅವಳು ಹೋದ ಮೇಲೆ ಯಾವ ಕಾರಣವೂ ಇಲ್ಲದೆ ಸೋಪು ಹಾಕಿ ಕೈ ತೊಳೆದುಕೊಂಡೆ.

ಮುಳ್ಳೋತಿ ಹಿಡಿಯುವ ಕೆಲಸ ಅಪ್ಪನದು. ಬೆಳಗಿನ ಬಿಸಿಲೇರಿ ಬಂಡೆ ಕಾಯುವ ಹೊತ್ತಿಗೆ ಅಂಗಡಿಯಲ್ಲಿ ಚಿಕ್ಕಪ್ಪನನ್ನು ಕೂರಿಸಿ, ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಗುಡ್ಡ ಹತ್ತುತ್ತಿದ್ದ. ನನ್ನನ್ನು ಯಾಕೆ ಕರೆದೊಯ್ಯುತ್ತಿದ್ದನೋ, ಒಬ್ಬನೇ ಹೋಗಲು ಅವನಿಗೆ ಬೇಸರವಾಗುತ್ತಿತ್ತೋ ಏನೋ. ಗುಡ್ಡದ ಬುಡದಲ್ಲಿ ನಿಂತು ಅವನು ಒಂದು ಕೆಲಸ ಮಾಡುತ್ತಿದ್ದ. ಎದೆಯ ಮೇಲಿನ ಲಿಂಗದ ಬೆಳ್ಳಿಯ ಕರಡಿಗೆಯನ್ನು ದಾರ ಹಿಡಿದು ಬೆನ್ನ ಹಿಂದಕ್ಕೆ ಸರಿಸಿ, ಅಂಗಿಯೊಳಗೆ ಬಿಡುತ್ತಿದ್ದ. ಮುಂದೆ ನಡೆಯುವುದು ಶಿವನಿಗೆ ಕಾಣದಿರಲಿ ಎಂದು. ಆಮೇಲೆ ನನ್ನನ್ನು ಒಂದು ಬಂಡೆಯ ಮೇಲೆ ಕೂರಿಸಿ, ಜೋಳದ ದಂಟಿನ ತುದಿಗೆ ದಾರದ ಕುಣಿಕೆ ಕಟ್ಟಿ, ಬೆಕ್ಕಿನ ಹಾಗೆ ಬಗ್ಗಿ ಹೋಗುತ್ತಿದ್ದ. ಮೆಲ್ಲಗೆ ಶಿಳ್ಳೆ ಹಾಕಿದರೆ ಮುಳ್ಳೋತಿ ಓಡದೆ ಕತ್ತು ಓರೆ ಮಾಡಿ ಕೇಳುತ್ತಿತ್ತು. ಕೇಳುತ್ತಿರುವಾಗಲೇ ಕುಣಿಕೆ ಕತ್ತಿಗೆ ಬೀಳುತ್ತಿತ್ತು.

“ಆ ಕಡೀಕೆ ನೋಡು ಮಗ,” ಅನ್ನುತ್ತಿದ್ದ ಅಪ್ಪ.

ನಾನು ಊರ ಕಡೆ ನೋಡುತ್ತಿದ್ದೆ. ಕಲ್ಲಿಗೆ ಬಡಿದ ಸದ್ದು ಕೇಳಿದ ಮೇಲೆ ತಿರುಗುತ್ತಿದ್ದೆ. ಅಷ್ಟು ಬಿಟ್ಟರೆ ಆ ಗುಡ್ಡದ ಬೆಳಗುಗಳೇ ನನ್ನ ಬಾಲ್ಯದಲ್ಲಿ ನನಗಿದ್ದ ಸುಖ. ಅಲ್ಲಿ ನಾನು ಯಾರಿಗೂ ಮೈಲಿಗೆಯಲ್ಲ. ಅಪ್ಪ ಕಾರೆಹಣ್ಣು ಕಿತ್ತು ನನ್ನ ಬಾಯಿಗಿಟ್ಟು, ಅದೇ ಬೆರಳನ್ನು ತಾನೂ ಚೀಪುತ್ತಿದ್ದ. ಕಾಯುತ್ತಾ ಕೂತಾಗ ನಾನು ಮುಳ್ಳೋತಿಗಳನ್ನೇ ನೋಡುತ್ತಿದ್ದೆ. ಬಿಸಿಲು ಕಾಯಿಸಿಕೊಳ್ಳಲು ಅವು ಹೊಟ್ಟೆಯನ್ನು ಬಂಡೆಗೆ ಚಪ್ಪಟೆಯಾಗಿ ಒತ್ತುತ್ತಿದ್ದವು, ಕಾದ ಮೇಲೆ ಮುಂಗಾಲೂರಿ ಮೇಲೇಳುತ್ತಿದ್ದವು. ಗಂಡು ಗಂಟಲುಬ್ಬಿಸಿ ಇನ್ನೊಂದು ಗಂಡನ್ನು ಹೆದರಿಸುತ್ತಿತ್ತು. ಒಮ್ಮೆ ಅಪ್ಪನ ಕುಣಿಕೆ ಇನ್ನೇನು ಬೀಳಬೇಕು, ನಾನು ಕಿಟಾರನೆ ಕಿರುಚಿದೆ. ಮುಳ್ಳೋತಿ ಬಂಡೆಯಿಂದ ಬಂಡೆಗೆ ಹಾರಿ ಮಾಯವಾಯಿತು. ಅಪ್ಪ ಬಯ್ಯಲಿಲ್ಲ, ನಕ್ಕುಬಿಟ್ಟ.

“ಹೋಗ್ಲಿ ಬಿಡು. ಅದಕ್ಕಾದ್ರೂ ಕಾಲು ಚೆಂದಾಗವೆ.”

ಅಂದ ಮೇಲೆ ತಾನೇನಂದೆ ಎಂದು ಅವನಿಗೆ ಗೊತ್ತಾಯಿತು. ಇಳಿಯುವಾಗ ಮನೆ ಬರುವವರೆಗೂ ನನ್ನ ಎಡಗಾಲಿನ ಪಾದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದ.

ಎಣ್ಣೆ ಕಾಯಿಸುವುದು ಹಿತ್ತಿಲಿನಾಚೆ, ಮೂರು ಕಲ್ಲಿನ ಒಲೆಯ ಮೇಲೆ. ಆ ವಾಸನೆಯನ್ನು ಹೇಗೆ ಹೇಳಲಿ? ಸುಟ್ಟ ಕೂದಲು, ಕಮಟು ಹರಳೆಣ್ಣೆ, ಅದರ ಕೆಳಗೆ ಇನ್ನೂ ಏನೋ ಒಂದು. ಅಮ್ಮ ಬಿಸಿಯೆಣ್ಣೆಯನ್ನು ನನ್ನ ತೊಡೆಯಿಂದ ಪಾದದವರೆಗೆ ತಿಕ್ಕಬೇಕು, ಬಿಸಿ ಆರಬಾರದು ಎಂದು ಅಜ್ಜಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಚರ್ಮ ಬೊಬ್ಬೆ ಬಂದು ಸುಲಿದ ದಿನಗಳೂ ಇದ್ದವು. ಆಮೇಲೆ ಅಂಗಳದ ಚಪ್ಪಡಿಯ ಮೇಲೆ ಬಿಸಿಲಿಗೆ ಮಲಗಿಸುತ್ತಿದ್ದರು. ಮಾರನೆಯ ಬೆಳಗಿನವರೆಗೆ ಎಣ್ಣೆ ತೊಳೆಯುವಂತಿಲ್ಲ, ತೊಳೆಯುವವರೆಗೆ ನಡುಮನೆಗೆ ಬರುವಂತಿಲ್ಲ. ತೊಳೆದ ಮೇಲೆ ಮತ್ತೆ ಎಣ್ಣೆ. ಚಿಕ್ಕಪ್ಪನ ಮಕ್ಕಳಿಗೆ ಮಠದ ಅಯ್ನೋರು ಬಂದು ಲಿಂಗ ಕಟ್ಟಿದರು, ಮನೆಯಲ್ಲಿ ಓಳಿಗೆ ಮಾಡಿದರು. ನನಗೆ ಕಟ್ಟಲಿಲ್ಲ. ಆ ಎಣ್ಣೆಯ ಮೈಯಲ್ಲಿ ಲಿಂಗ ಹೇಗೆ, ಕಾಲು ಸರಿಯಾಗಲಿ, ಆಮೇಲೆ ನೋಡೋಣ ಅಂದಳು ಅಜ್ಜಿ. ಅಯ್ನೋರಿಗೆ ಮಾತ್ರ ಮಗುವಿಗೆ ಮೈ ಚೆನ್ನಾಗಿಲ್ಲ ಎಂದು ಹೇಳಿ ಸಾಗಹಾಕಿದ್ದಳು.

ಕಾಲು ಸರಿಯಾಗಲಿಲ್ಲ. ನಾನು ಬೆಳೆದೆ, ಬಲಗಾಲು ಬೆಳೆಯಿತು, ಎಡಗಾಲು ಮಂಡಿಯಲ್ಲಿ ಮಡಚಿಕೊಂಡು ಹಾಗೇ ಉಳಿಯಿತು. ಅಷ್ಟರಲ್ಲಿ ಹಿಂದೂಪುರದಲ್ಲಿದ್ದ ಅಮ್ಮನ ಅಣ್ಣ, ನನ್ನ ಸೋದರಮಾವ, ಹೇಳಿ ಕಳಿಸಿದ. ಅಲ್ಲಿನ ಆಸ್ಪತ್ರೆಗೆ ಒಬ್ಬ ಡಾಕ್ಟರು ಬರುತ್ತಾರೆ, ಇಂಥ ಮಕ್ಕಳಿಗೆ ಕಬ್ಬಿಣದ ಪಟ್ಟಿ, ಬೂಟು ಕಟ್ಟಿ ನಡೆಸುತ್ತಾರೆ ಎಂದು. ಅಮ್ಮ ಆ ಮಾತನ್ನು ಊಟದ ಹೊತ್ತಿಗೇ ಎತ್ತಿದಳು. ನಾನು ಪಡಸಾಲೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

“ಒಂದ್ಸಲ ತೋರಿಸ್ಕೊಂಡ್ ಬತ್ತೀನಿ ಅತ್ತೆಮ್ಮ.”

“ಕಬ್ಬಿಣ ಕಟ್ಕೊಂಡೋಳ್ನ ನಾಳೆ ಯಾವನು ಮದ್ವೆ ಆಯ್ತಾನೆ? ಎಣ್ಣೆ ಬಿಡಬ್ಯಾಡ, ಅದು ನಿಧಾನಕ್ಕೆ ಹಿಡೀತದೆ. ತಿಕ್ಕೋ ಕೈಯಾಗೆ ಭಕ್ತಿ ಇರ್ಬೇಕು ಅಷ್ಟೆ,” ಅಂದಳು ಅಜ್ಜಿ.

“ಇನ್ನೆಷ್ಟು ನಿಧಾನ? ಮಗಿನ ಚರ್ಮ ನೋಡಿದ್ದೀರಾ?”

“ನೀನು ಹೆತ್ತಿದ್ದು ಸರಿಯಾಗಿದ್ದಿದ್ರೆ ನನಗ್ಯಾಕೆ ಈ ಪಾಪದ ಕೆಲ್ಸ?”

ಅಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಿದ್ದ. ಆ ಮನೆಯಲ್ಲಿ ಅಪ್ಪನ ಮಾತು ಗುಡ್ಡದ ಮೇಲೆ ಮಾತ್ರ ಇರುತ್ತಿತ್ತು, ಕೆಳಗಿಳಿದರೆ ಇಲ್ಲ.

ಆ ವರ್ಷ ಚಳಿ ಬೀಳುತ್ತಿದ್ದಂತೆ ಅಜ್ಜಿಯ ಮಂಡಿ ಹಿಡಿದುಕೊಂಡಿತು. ಕಂಬ ಹಿಡಿದು ಏಳುತ್ತಿದ್ದಳು, ಮೆಟ್ಟಿಲಿಳಿಯುವಾಗ ಶಿವಶಿವಾ ಅನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಆ ನರಳಾಟ ಕಡಿಮೆಯಾಯಿತು. ಒಂದು ಮುಂಜಾನೆ ಅವಳು ನಾನು ಮಲಗುತ್ತಿದ್ದ ಕೊಟ್ಟಿಗೆಗೆ ಬಂದು, ನಾನು ನಿದ್ದೆಯಲ್ಲಿದ್ದೇನೆ ಅಂದುಕೊಂಡು, ನನ್ನ ತಟ್ಟೆಯ ಗೂಡಿನಲ್ಲಿದ್ದ ಎಣ್ಣೆಯ ಸೀಸೆಯನ್ನು ತೆಗೆದು ಸೀರೆ ಸರಿಸಿ ಎರಡೂ ಮಂಡಿಗೆ ಎಣ್ಣೆ ತಿಕ್ಕಿಕೊಂಡಳು. ತಿಕ್ಕಿಕೊಂಡು ಸೀದಾ ದೇವರ ಕೋಣೆಗೆ ಹೋದಳು. ಗಂಟೆಯ ಸದ್ದು ಕೇಳಿಸಿತು, ವಿಭೂತಿಯ ಪರಿಮಳ ಬಂತು. ನಾನು ಯಾರಿಗೂ ಹೇಳಲಿಲ್ಲ. ಅಜ್ಜಿಗೆ ಗುಣವಾದರೆ ನನಗೂ ಆಗಬಹುದು ಎಂದು ಮೊದಲು ಖುಷಿಯೇ ಆಯಿತು. ಆಮೇಲೆ ದಿನವೂ ಅವಳು ಅದೇ ಮಂಡಿಯೂರಿ ಎಲ್ಲರಿಗೂ ಬಡಿಸುವುದನ್ನು ಕೊಟ್ಟಿಗೆಯ ಹೊಸ್ತಿಲಿನಿಂದ ನೋಡುತ್ತಾ ನೋಡುತ್ತಾ ಆ ಖುಷಿ ಹುಳಿಯಾಯಿತು.

ಕಾರ್ತಿಕದ ಕೊನೆಯ ಸೋಮವಾರ ಅಯ್ನೋರು ನಮ್ಮ ಮನೆಗೆ ಊಟಕ್ಕೆ ಬರುವ ಪದ್ಧತಿ. ಬೆಳಗಿನಿಂದ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಓಳಿಗೆ, ಕಡಲೆಬೀಜದ ಚಟ್ನಿ, ತುಪ್ಪ. ಅಯ್ನೋರಿಗೆ ಪಾದಪೂಜೆಯಾಗಿ, ನಡುಮನೆಯಲ್ಲಿ ಮಣೆ ಹಾಕಿ, ಬಾಳೆ ಎಲೆ ಹಾಸಿದರು. ಅಪ್ಪ, ಚಿಕ್ಕಪ್ಪ, ಮಕ್ಕಳು ಎದುರು ಸಾಲಿನಲ್ಲಿ. ನಾನು ಎಂದಿನಂತೆ ಹೊರಗೆ, ತಟ್ಟೆ ಮುಂದಿಟ್ಟುಕೊಂಡು. ಅಯ್ನೋರು ಒಳ್ಳೆಯವರು, ಮಾತಾಡಿಸುವವರು. ಊಟಕ್ಕೆ ಕೈಯಿಡುವ ಮೊದಲು ನನ್ನನ್ನು ನೋಡಿದರು.

“ಮಗಿನ್ಯಾಕೆ ಆಚೆ ಕೂರಿಸಿದ್ದೀರಿ? ಒಳೀಕೆ ಕರ್ಕೊಳ್ಳಿ.”

“ಅದು ಮೈಲಿಗೆ ಬುದ್ದಿ. ಕಾಲಿಗೆ ಮದ್ದು ಹಚ್ಚೈತೆ, ಅದಕ್ಕೆ,” ಅಂದಳು ಅಜ್ಜಿ.

ಅವಳು ಹೇಳಿದ ರೀತಿಗೆ ನನಗೆ ಎದೆ ಉರಿಯಿತು. ಊರಿನ ಯಾವುದೋ ನಾಯಿಯ ಬಗ್ಗೆ ಹೇಳಿದ ಹಾಗಿತ್ತು. ಬಾಯಿ ತಾನಾಗಿ ತೆರೆಯಿತು.

“ಅಜ್ಜೀನೂ ಹಚ್ಕೊಂತಾಳೆ. ಮಂಡಿಗೆ. ಇವತ್ತೂ ಹಚ್ಕೊಂಡವ್ಳೆ. ಅದೇ ಓತಿಕ್ಯಾತದ ಎಣ್ಣೆ.”

ಅಯ್ನೋರ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಚಿಕ್ಕಪ್ಪನ ಮಗ ಕಿಸಕ್ಕನೆ ನಕ್ಕ, ಯಾರೋ ಅವನ ತೊಡೆ ಚಿವುಟಿದರು.

“ಸುಳ್ಳು! ನಾಲಿಗೆ ಸೀದೋಗ್ಲಿ!” ಅಂದಳು ಅಜ್ಜಿ.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ನನ್ ಮಗ ಸುಳ್ಳೇಳಲ್ಲ,” ಅಂದಳು, ಅಷ್ಟೇ.

ಅಯ್ನೋರು ಅಪ್ಪನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

“ಏನಪ್ಪ ಇದು? ಈ ಮನೆಯಾಗೆ ಜೀವ ತೆಗೆದು ಎಣ್ಣೆ ಮಾಡ್ತೀರಾ? ನೀನೇ ಹೇಳು.”

ಅಪ್ಪ ನನ್ನನ್ನು ನೋಡಿದ. ಗುಡ್ಡದ ಮೇಲೆ, ಕುಣಿಕೆ ಬೀಳುವ ಮೊದಲು, ಆ ಕಡೆ ನೋಡು ಎಂದು ಹೇಳುವಾಗಿನ ಮುಖವೇ ಅದು. ಆಮೇಲೆ ತನ್ನ ತಾಯಿಯನ್ನು ನೋಡಿದ. ಅವಳು ಸೌಟು ಹಿಡಿದು ನಿಂತಿದ್ದಳು, ಸೌಟಿನಿಂದ ತುಪ್ಪ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಅಂಥದ್ದೇನಿಲ್ಲ ಬುದ್ದಿ,” ಅಂದ ಅಪ್ಪ. “ಬರೀ ಹರಳೆಣ್ಣೆ. ನಾನು ಗುಡ್ಡದ ಕಡೀಕೇ ಹೋಗಲ್ಲ. ಮಗ ಏನೋ ಕನಸು ಕಂಡಿರ್ಬೇಕು.”

ಅಜ್ಜಿಯನ್ನಷ್ಟೇ ಉಳಿಸಿಕೊಂಡಿದ್ದರೆ ನಾನು ಸಹಿಸುತ್ತಿದ್ದೆನೇನೋ. ಅವನು ಗುಡ್ಡವನ್ನೇ ಇಲ್ಲ ಅಂದ. ಕಾರೆಹಣ್ಣು, ಶಿಳ್ಳೆ, ಇಳಿಯುವಾಗ ಹಿಡಿದುಕೊಂಡ ನನ್ನ ಪಾದ, ಎಲ್ಲವೂ ನಾನು ಕಂಡ ಕನಸು ಎಂದು ಆ ಸಾಲಿನಲ್ಲಿ ಕೂತವರೆದುರು ಹೇಳಿಬಿಟ್ಟ. ಅಯ್ನೋರು ಶಿವನೇ ಅಂದು ಊಟಕ್ಕೆ ಕೈಯಿಟ್ಟರು. ಎಲ್ಲರೂ ಉಣ್ಣತೊಡಗಿದರು. ಎಲೆಗಳ ಮೇಲೆ ಕೈಗಳ ಸದ್ದು ಶುರುವಾಯಿತು.

ಆಗ ಅಮ್ಮ ಪಡಸಾಲೆಗೆ ಬಂದಳು. ನನ್ನನ್ನು ಕಂಕುಳಿಗೆತ್ತಿಕೊಂಡು ನಡುಮನೆಯ ಹೊಸ್ತಿಲು ದಾಟಿ, ಉಣ್ಣುತ್ತಿದ್ದವರ ನಡುವೆ ನಡೆದು, ದೇವರ ಕೋಣೆಯೊಳಗೆ ಕೂರಿಸಿದಳು. ಅಜ್ಜಿ “ಆಚೀಕೆ ಹಾಕೇ ಅದನ್ನ” ಎಂದು ಕೂಗಿದಳು. ಅಮ್ಮ ಕೇಳಿಸಿಕೊಳ್ಳಲಿಲ್ಲ. ಹಲಗೆಯಿಂದ ಅಪ್ಪನ ಹಿತ್ತಾಳೆ ತಟ್ಟೆ ತಂದು, ಓಳಿಗೆ ಬಡಿಸಿ, ನನ್ನ ಮುಂದಿಟ್ಟು, ಬಾಗಿಲಿಗೆ ಅಡ್ಡ ನಿಂತಳು. ನಾನು ತಿಂದೆ. ರುಚಿ ನೆನಪಿಲ್ಲ. ಬಾಗಿಲಿಗೆ ಅಡ್ಡವಾಗಿದ್ದ ಅಮ್ಮನ ಬೆನ್ನು ನೆನಪಿದೆ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಟೆವು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಪೆನುಕೊಂಡ ದಾಟಿ ಹಿಂದೂಪುರ. ಮಾವನ ಮನೆ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಗಲ್ಲಿಯಲ್ಲಿತ್ತು. ಮನೆಯಲ್ಲಿ ಎಲ್ಲಿ ಕೂತರೂ ಹುಳಿಯ ವಾಸನೆ. ಡಾಕ್ಟರು ನನ್ನ ಕಾಲು ನೋಡಿ ಮೊದಲು ಕೇಳಿದ್ದು ರೋಗದ ಬಗ್ಗೆಯಲ್ಲ, ತೊಡೆಯ ಮೇಲಿನ ಸುಟ್ಟ ಕಲೆಗಳು ಯಾತರದು ಎಂದು. ಅಮ್ಮ ತೆಲುಗಿನಲ್ಲಿ “ನೂನೆ ಸಾರ್” ಅಂದು ತಲೆ ತಗ್ಗಿಸಿದಳು. ಪೋಲಿಯೋ ಎಂಬ ಪದವನ್ನು ನಾನು ಕೇಳಿದ್ದು ಅಲ್ಲೇ. ಮಡಚಿಕೊಂಡ ಮಂಡಿಯನ್ನು ಬಿಡಿಸಲು ತೂಕ ಕಟ್ಟಿ ಮಲಗಿಸಿದರು. ನಾನು ಅರಚಿದೆ, ಅಮ್ಮ ನನ್ನ ಬಾಯಿಗೆ ಸೆರಗಿನ ತುದಿ ಕೊಟ್ಟಳು, ಕಚ್ಚಿಕೊಳ್ಳಲು. ಮಂಡಿ ಪೂರ್ತಿ ಬಿಡಲಿಲ್ಲ. ಬಿಟ್ಟಷ್ಟಕ್ಕೆ ಕಬ್ಬಿಣದ ಪಟ್ಟಿ, ಚರ್ಮದ ಪಟ್ಟೆಗಳು, ಎತ್ತರದ ಬೂಟು. ಒಂದು ಬೆಳಗ್ಗೆ ಗೋಡೆ ಹಿಡಿದು ಮಾವನ ಮನೆಯ ಹೊಸ್ತಿಲನ್ನು ನಾನೇ ದಾಟಿದೆ. ಅಮ್ಮ ಬೀದಿಗೆ ಹೋಗಿ ಅತ್ತು ಬಂದಳು.

ಆಮೇಲೆ ಅಪ್ಪ ಬಂದ. ಕೈಯಲ್ಲಿ ಹುರಿದ ಕಡಲೆಕಾಯಿಯ ಗಂಟು. ನಾನು ನಡೆದು ತೋರಿಸಿದೆ. ಅವನು ಕಬ್ಬಿಣವನ್ನು ಮುಟ್ಟಿ ನೋಡಿದ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕೈ ತೆಗೆದ.

“ಊರಿಗ್ ಬಾರೆ, ಸಾಕು. ಜನ ಆಡ್ಕೊಂತಾವ್ರೆ,” ಅಂದ ಅಮ್ಮನಿಗೆ.

“ಬತ್ತೀನಿ. ಅಯ್ನೋರ ಮುಂದೆ, ನಿಮ್ಮಮ್ಮನ ಮುಂದೆ ಒಂದು ಮಾತೇಳಿ, ಮಗ ಹೇಳಿದ್ದು ನಿಜ ಅಂತ. ಮಾರನೇ ಬಸ್ಸಿಗೇ ಬತ್ತೀನಿ.”

“ಆ ಮಾತು ಹೇಳಿದ್ರೆ ಅವ್ಳು ಸತ್ತೋಯ್ತಾಳೆ ಕಣೆ.”

“ಹೇಳ್ದಿದ್ರೆ ಈ ಮಗ ಸುಳ್ಳಿ ಆಗ್ತದೆ. ಬಾಳೋ ತನಕ.”

ಅಪ್ಪ ಬಹಳ ಹೊತ್ತು ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ಸುಲಿದ ಬೀಜಗಳನ್ನೆಲ್ಲ ನನ್ನ ಲಂಗದ ಮಡಿಲಿಗೆ ಹಾಕಿ, ಸಿಪ್ಪೆಯನ್ನು ಪೇಪರಿನಲ್ಲಿ ಕಟ್ಟಿಕೊಂಡು, ಸಂಜೆಯ ಬಸ್ಸಿಗೆ ಹೋದ. ಅವನು ಮತ್ತೆ ಬರಲಿಲ್ಲ. ಕಲ್ಯಾಣದುರ್ಗದ ಕಡೆಯ ಹುಡುಗಿಯನ್ನು ತಂದುಕೊಂಡ ಸುದ್ದಿ ಮಂಡಿಗೆ ಹುಣಸೆಹಣ್ಣು ತಂದ ಯಾರದೋ ಬಾಯಿಂದ ಮಾವನಿಗೆ ಬಂತು. ಗಂಡುಮಕ್ಕಳಾದವು, ಗಟ್ಟಿಮುಟ್ಟಾದ ಕಾಲಿನವು. ಅಜ್ಜಿ ಸಾಯುವವರೆಗೂ ಊರಿನಲ್ಲಿ ಒಂದೇ ಮಾತು ಹೇಳುತ್ತಿದ್ದಳಂತೆ, ಆ ಕುಂಟಿಯ ನಾಲಿಗೆಯಿಂದ ಮನೆ ಒಡೆಯಿತು ಎಂದು. ಅದನ್ನು ಕೇಳಿ ನನಗೆ ನೋವಾಗಲಿಲ್ಲ. ಅಜ್ಜಿಯಿಂದ ಬರಬೇಕಾದ ಮಾತೇ ಅದು.

ನಾನು ಅಂದುಕೊಂಡಿರದ ಕಡೆಯಿಂದ ಆ ಮಾತು ಬಂತು. ಮಾವನ ಮನೆಯಲ್ಲಿ ನಮ್ಮನ್ನು ಯಾರೂ ಹೋಗಿ ಅನ್ನಲಿಲ್ಲ. ಅಮ್ಮ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದಳು, ಎಲ್ಲರ ಬಟ್ಟೆ ಒಗೆದಳು, ಕೊನೆಯಲ್ಲಿ ಉಂಡಳು. ಬೀಜ ಬಿಡಿಸಿ ಬಿಡಿಸಿ ಅವಳ ಬೆರಳ ಸಂದುಗಳು ಹುಳಿಗೆ ಒಡೆದಿದ್ದವು. ಮಾವನ ಮಗಳ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಬರುವ ಹೊತ್ತಿಗೆ ಅತ್ತೆ, ಅಂದರೆ ಮಾವನ ಹೆಂಡತಿ, ಅಮ್ಮನ ಕೈಯಿಂದ ಅರಿಶಿನ ಕುಂಕುಮದ ತಟ್ಟೆ ತೆಗೆದುಕೊಂಡಳು. ಗಂಡ ಬಿಟ್ಟವಳು ಎದುರಿಗೆ ಬರುವುದು ಬೇಡ, ನೀವಿಬ್ಬರೂ ಹಿಂದಿನ ರೂಮಿನಲ್ಲಿರಿ ಅಂದಳು. ಸಣ್ಣ ದನಿಯಲ್ಲಿ, ಬಯ್ಯದೆಯೇ ಅಂದಳು. ಮುಂದಿನ ಮನೆಯಲ್ಲಿ ನಗು, ಸ್ಟೀಲ್ ಲೋಟಗಳ ಸದ್ದು. ಹಿಂದಿನ ರೂಮಿನಲ್ಲಿ ಹುಣಸೆಹಣ್ಣಿನ ಮೂಟೆಗಳ ನಡುವೆ ನಾವು. ಅಮ್ಮ ರೇಷ್ಮೆ ಸೀರೆಯುಟ್ಟಿದ್ದಳು, ಅವಳಿಗಿದ್ದದ್ದು ಅದೊಂದೇ. ಬೂಟು ಬಿಗಿಯಾಗಿ ನೋಯುತ್ತಿತ್ತು, ನಾನು ಪಟ್ಟೆ ಸಡಿಲಿಸುತ್ತಿದ್ದೆ. ಅವಳು ನನ್ನನ್ನೇ ನೋಡುತ್ತಾ ಅಂದಳು:

“ಅವತ್ತು ನೀನು ಬಾಯ್ಮುಚ್ಕೊಂಡು ಉಂಡಿದ್ರೆ ಆಯ್ತಿರ್ಲಿಲ್ವೇನೆ?”

ನಾನು ಪಟ್ಟೆ ಸಡಿಲಿಸುತ್ತಲೇ ಇದ್ದೆ. ನಾನು ಹೇಳಿದ್ದು ನಿಜವಾಗಿತ್ತು. ಅದು ನಿಜ ಎಂದು ಈ ಲೋಕದಲ್ಲಿ ಒಪ್ಪಿ ನಿಂತವಳು ಅವಳೊಬ್ಬಳೇ. ಅದಕ್ಕಾಗಿ ಗಂಡನನ್ನೂ ಮನೆಯನ್ನೂ ಬಿಟ್ಟು ಬಂದವಳು ಅವಳೇ. ಇವತ್ತಿಗೂ ನಾನು ಹೇಳಿದ್ದು ತಪ್ಪು ಎಂದು ನನಗನ್ನಿಸಿಲ್ಲ. ಆದರೆ ಅಂದಿನಿಂದ ಯಾವ ನಿಜವನ್ನಾದರೂ ಬಾಯಿಬಿಟ್ಟು ಹೇಳುವ ಮೊದಲು ಎದುರಿಗೆ ಕೂತವರ ಮುಖ ನೋಡುವ ಅಭ್ಯಾಸ ನನಗೆ ಅಂಟಿತು. ಇಷ್ಟು ವರ್ಷ ಹೊಲಿಗೆ ಅಂಗಡಿ ನಡೆಸಿದ್ದೇನೆ. ಬಟ್ಟೆ ಹೊಂದುತ್ತದಾ ಎಂದು ಯಾರಾದರೂ ಕೇಳಿದರೂ ಮೊದಲು ಅವರ ಮುಖ ನೋಡುತ್ತೇನೆ.

ನಿಶ್ಚಿತಾರ್ಥದ ಮಾರನೆಯ ಬೆಳಗ್ಗೆ ನನ್ನ ಸ್ಕೂಲಿಗೆ ಹೊತ್ತಾಗಿತ್ತು. ಅಮ್ಮ ಎಂದಿನಂತೆ ಬಂದು ಎದುರಿಗೆ ಕೂತು, ನನ್ನ ಎಡಗಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಬೂಟು ತೊಡಿಸಿದಳು, ಕಬ್ಬಿಣ ಕೂರಿಸಿದಳು, ಒಡೆದ ಬೆರಳುಗಳಿಂದ ಪಟ್ಟೆಗಳನ್ನು ಒಂದೊಂದಾಗಿ ಎಳೆದು ಬಕಲ್ ಹಾಕಿದಳು. ಮೇಲಿನ ಪಟ್ಟೆಯನ್ನು ಹಾಕುವಾಗ ತಲೆಯೆತ್ತದೆ ಕೇಳಿದಳು.

“ಬಿಗಿ ಆಯ್ತಾ?”

ಬಿಗಿಯಾಗಿತ್ತು, ಬಹಳ. ನಾನು ಅವಳ ಮುಖ ನೋಡಿದೆ.

“ಇಲ್ಲಮ್ಮ, ಸರಿ ಐತೆ,” ಅಂದೆ.